ಬೆಡ್‌ಶೀಟಿಗೆ ಬಿಲ್ ಇದೆ, ಕಾಲಿಗೆ ಚಪ್ಪಲಿ ಇಲ್ಲ

ಮೊನ್ನೆ ಭಾನುವಾರ ನೆಂಟರ ಮದುವೆಗೆ ಹೋಗಿದ್ದೆವು. ಮಡಿಕೇರಿಯಿಂದ ಅರ್ಧ ಗಂಟೆ ದೂರದ ಒಂದು ರೆಸಾರ್ಟ್. ಹೆಸರು ಹೇಳಲ್ಲ, ಕೇಳಬೇಡಿ. ರೂಮಿಗೆ ದಿನಕ್ಕೆ ಒಂಬತ್ತೂವರೆ ಸಾವಿರ. ಹೋದ ತಕ್ಷಣ ಕೈಗೆ ಏಲಕ್ಕಿ ಹಾಕಿದ ಶರಬತ್ತು ಕೊಟ್ಟರು. ಮಂಚದ ಮೇಲೆ ಟವೆಲ್ ಮಡಚಿ ಎರಡು ಬಾತುಕೋಳಿ ಮಾಡಿಟ್ಟಿದ್ದರು. ಬಾಗಿಲ ಹತ್ತಿರ ಚಂದದ ಮರದ ಬೋರ್ಡು: ‘ದಯವಿಟ್ಟು ಪಾದರಕ್ಷೆ ಹೊರಗೆ ಬಿಡಿ’. ನೆಲ ಮರದ್ದಂತೆ, ಗೀರು ಬೀಳುತ್ತದಂತೆ.

ನಮ್ಮ ಚಿಕ್ಕಪ್ಪನ ವಿಷಯ ನಿಮಗೆ ಗೊತ್ತಲ್ಲ. ಎಪ್ಪತ್ತೆರಡು ವರ್ಷ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಶಿಸ್ತು ಮಾತ್ರ ಮಿಲಿಟರಿಯದ್ದು. ಬೋರ್ಡು ಓದಿದವರೇ ಚಪ್ಪಲಿ ಬಿಚ್ಚಿ ಗೋಡೆಗೆ ಸಾಲಾಗಿ ಇಟ್ಟು ಒಳಗೆ ಹೋದರು. ಮಧ್ಯಾಹ್ನ ಊಟ ಆದ ಮೇಲೆ ನಾನು ಕಾಫಿ ತಗೊಂಡು ಅವರ ರೂಮಿಗೆ ಹೋದೆ. ಮಂಚದ ಮೇಲೆ ಕಾಲು ಚಾಚಿ ಕೂತು ಪೇಪರ್ ಓದ್ತಾ ಇದ್ದರು. ಬಿಳಿ ಹಾಸಿನ ಮೇಲೆ ಕೆಂಪು ಕಲೆ, ಅಂಗೈಯಷ್ಟು. ಕುಂಕುಮ ಇರಬೇಕು ಅಂದುಕೊಂಡೆ. ಬಗ್ಗಿ ನೋಡಿದರೆ ಹಸಿ.

‘ಚಿಕ್ಕಪ್ಪ, ಇದೇನಿದು ರಕ್ತ?’ ಅಂದೆ.

ಅವರು ಕನ್ನಡಕ ಮೇಲೆ ಮಾಡಿ ಸುತ್ತ ನೋಡಿ, ‘ಯಾರಿಗೆ ಏನಾಯ್ತಮ್ಮ?’ ಅಂದರು.

ಅವರಿಗೇ ಆಗಿತ್ತು. ಬಲಗಾಲಿನ ಹಿಮ್ಮಡಿಯಲ್ಲಿ ಸ್ಟೇಪ್ಲರ್ ಪಿನ್, ಅದರ ಎರಡೂ ಮೊನೆ ಪೂರ್ತಿ ಒಳಗೆ ಹೋಗಿದ್ದದ್ದು. ಹಿಂದಿನ ದಿನ ಹೂವಿನ ಅಲಂಕಾರ ಮಾಡಿದ ಹುಡುಗರು ಪರದೆಗೆ ಹೊಡೆದ ಪಿನ್ನುಗಳಲ್ಲಿ ಒಂದು ನೆಲಕ್ಕೆ ಬಿದ್ದಿರಬೇಕು. ಆ ಪಿನ್ನಿನ ಮೇಲೇ ಅವರು ಬಾತ್‌ರೂಮಿಗೆ ಎಷ್ಟು ಸಲ ಹೋಗಿ ಬಂದಿದ್ದರೋ. ಗೊತ್ತೇ ಆಗಿಲ್ಲ.

ಈಗ ಕತೆಯ ಮುಖ್ಯ ಭಾಗ. ಸಂಜೆ ರೂಮ್ ಖಾಲಿ ಮಾಡುವಾಗ ಕೌಂಟರಿನ ಹುಡುಗ ಬಿಲ್ ಕೊಟ್ಟ. ಅದರಲ್ಲಿ ಒಂದು ಸಾಲು: ಬೆಡ್‌ಶೀಟ್, 1,200 ರೂಪಾಯಿ. ‘ಮೇಡಂ, ರಕ್ತದ ಕಲೆ ಹೋಗಲ್ಲ, ಅದು ನಮ್ಮ ಪಾಲಿಸಿ.’ ನಾನು ಪಿನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಅದನ್ನು ಕೌಂಟರ್ ಮೇಲೆ ಇಟ್ಟು, ‘ಇದೂ ನಿಮ್ಮದೇ, ವಾಪಸ್ ತಗೊಳ್ಳಿ, ಇದಕ್ಕೂ ಒಂದು ರೇಟ್ ಹಾಕಿ’ ಅಂದೆ. ಅವನು ನಿಜವಾಗಲೂ ಪಿನ್ನು ನೋಡಿ, ‘ಇದು ಡೆಕೊರೇಷನ್‌ನವರದ್ದು ಮೇಡಂ’ ಅಂದ. ಪಾಪ, ಅವನದ್ದು ತಪ್ಪಲ್ಲ ಅಂತ ನನ್ನ ಗಂಡ ನನ್ನ ಮೊಣಕೈ ಹಿಡಿದು ಎಳೆದರು. ಯಾರದ್ದೂ ತಪ್ಪಲ್ಲ. ಕಾಲಿನದ್ದೇ ತಪ್ಪು.

ಅಲ್ಲ, ನನಗೆ ಅರ್ಥ ಆಗದ್ದು ಇದು. ಸೋಪು ಕೊಡುತ್ತೀರಿ, ಶಾಂಪೂ ಕೊಡುತ್ತೀರಿ, ಕಿವಿಗೆ ಹಾಕುವ ಹತ್ತಿಕಡ್ಡಿ ಕೊಡುತ್ತೀರಿ, ಹೊಲಿಯಲು ಸೂಜಿದಾರ ಕೊಡುತ್ತೀರಿ. (ಯಾರಾದರೂ ಆ ಸೂಜಿದಾರ ಬಳಸಿದ್ದು ನೋಡಿದ್ದೀರಾ?) ಮನುಷ್ಯ ರೂಮಿಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ನಡೆಯುವುದು. ಆ ಕಾಲಿಗೆ ಏನಿದೆ? ಚಪ್ಪಲಿ ಹೊರಗೆ ಬಿಡಿಸುವುದಾದರೆ ಒಳಗೆ ಹಾಕಲು ಒಂದು ಜೊತೆ ಇಡಬೇಕು. ಇಷ್ಟೇ ನನ್ನ ವಾದ. ಬಿಚ್ಚಿಸುವ ಬೋರ್ಡು ಇದೆ, ಹಾಕುವ ಚಪ್ಪಲಿ ಇಲ್ಲ.

ಇಡುವವರೂ ಏನು ಇಡುತ್ತಾರೆ? ಆ ಬಿಳಿ ಪೇಪರಿನಂಥ ಸ್ಲಿಪ್ಪರ್. ಕಾರ್ಪೆಟ್ ಮೇಲೆ ಸರಿ. ಒದ್ದೆ ಟೈಲ್ಸ್ ಮೇಲೆ ಅದನ್ನು ಹಾಕಿ ಒಂದು ಹೆಜ್ಜೆ ಇಡಿ ನೋಡೋಣ. ಬೇಡ, ಇಡಬೇಡಿ. ನೀರು ಕುಡಿದ ಬಟ್ಟೆ ಅದು, ಸೀದಾ ಜಾರುಬಂಡೆ. ಅದರ ಬದಲು ಬರಿಗಾಲೇ ಮೇಲು ಅನ್ನಿಸುತ್ತದೆ. ಬೇಕಾಗಿರುವುದು ಅಡಿಯಲ್ಲಿ ಗೀಟು ಗೀಟು ಇರುವ, ತೊಳೆದರೆ ಒಣಗುವ, ಮಾಮೂಲಿ ರಬ್ಬರ್ ಹವಾಯಿ.

ಚಿಕ್ಕಪ್ಪನನ್ನು ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಗಾಯ ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟರು. ಆಮೇಲೆ ಒಂದು ತೆಳ್ಳಗಿನ ನೈಲಾನ್ ಎಳೆ ತೆಗೆದರು, ಮೀನು ಹಿಡಿಯುವ ದಾರದ ತುಂಡಿನ ಹಾಗೆ. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಚಿಕ್ಕಪ್ಪನಿಗೆ ಕಣ್ಣು ಮುಚ್ಚಲು ಹೇಳಿ ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸುತ್ತಾ ಹೋದರು. ‘ಗೊತ್ತಾದಾಗ ಹೂಂ ಅನ್ನಿ.’ ಹೆಬ್ಬೆರಳಿಗೆ ಮುಟ್ಟಿಸಿದರು. ಎಳೆ ಬಾಗಿತು. ಚಿಕ್ಕಪ್ಪ ಸುಮ್ಮನಿದ್ದರು. ಹಿಮ್ಮಡಿಗೆ ಮುಟ್ಟಿಸಿದರು. ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ, ‘ಶುರು ಮಾಡಿ ಡಾಕ್ಟ್ರೇ’ ಅಂದರು.

ನನಗೆ ಅಲ್ಲಿ ಕೂರಲು ಆಗಲಿಲ್ಲ. ಹೊರಗೆ ಬಂದು ಮಳೆ ನೋಡ್ತಾ ನಿಂತೆ.

ಸಕ್ಕರೆ ಕಾಯಿಲೆ ಜಾಸ್ತಿ ವರ್ಷ ಮೈಯಲ್ಲಿದ್ದರೆ ಪಾದದ ನರಗಳು ಹಾಳಾಗಬಹುದು. ನೋವೇ ಗೊತ್ತಾಗದಿದ್ದರೆ ಗಾಯಕ್ಕೆ ಯಾರು ಕಾವಲು? ರಕ್ತದ ಓಟವೂ ಕಡಿಮೆ ಆಗಿದ್ದರೆ ಮಾಯುವುದು ನಿಧಾನ. ಅದಕ್ಕೇ ಅಂಥವರು ಮನೆ ಒಳಗೂ ಬರಿಗಾಲಲ್ಲಿ ಓಡಾಡಬಾರದು, ಹಾಕುವ ಮುಂಚೆ ಚಪ್ಪಲಿ, ಶೂ ಒಳಗೆ ಕೈ ಹಾಕಿ ನೋಡಬೇಕು, ರಾತ್ರಿ ಮಲಗುವ ಮುಂಚೆ ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕು ಅಂದರು ಡಾಕ್ಟರು. ಬಿಸಿನೀರನ್ನು ಕಾಲಲ್ಲಿ ಮುಟ್ಟಿ ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ನಮ್ಮ ಕೊಡಗಿಗೆ ಇನ್ನೊಂದು ಸೇರಿಸಿ: ಫೈರ್ ಕ್ಯಾಂಪ್. ಚಳಿ ಅಂತ ಬೆಂಕಿಗೆ ಕಾಲು ಚಾಚಿ ಕೂರುತ್ತಾರಲ್ಲ, ಬಿಸಿ ಗೊತ್ತಾಗದ ಕಾಲು ಸುಟ್ಟು ಬೊಬ್ಬೆ ಬಂದರೂ ಮಾತಾಡುತ್ತಲೇ ಇರುತ್ತಾರೆ.

‘ನಮಗೆ ಶುಗರ್ ಇಲ್ಲ’ ಅನ್ನುವವರಿಗೆ ನನ್ನ ಕಿರುಬೆರಳಿನ ಕತೆ.

ಹೋದ ವರ್ಷ ಅಣ್ಣನ ಮಗ ನಮ್ಮನ್ನು ಸಿಂಗಾಪುರಕ್ಕೆ ಕರೆಸಿಕೊಂಡು ಅಲ್ಲಿಂದ ದೊಡ್ಡ ಹಡಗಿನಲ್ಲಿ ಕೂರಿಸಿದ್ದು, ನಾನು ಇಲ್ಲಿ ಫೋಟೋ ಮೇಲೆ ಫೋಟೋ ಹಾಕಿ ನಿಮಗೆಲ್ಲ ತಲೆನೋವು ಕೊಟ್ಟಿದ್ದು ನೆನಪಿದೆ ತಾನೆ? ಆ ಫೋಟೋಗಳಲ್ಲಿ ಎರಡನೇ ದಿನದಿಂದ ನನ್ನ ಕಾಲು ಕಾಣುವುದಿಲ್ಲ, ಗಮನಿಸಿದ್ದೀರಾ? ಕ್ಯಾಬಿನ್ ಅಂದರೆ ನಮ್ಮ ಸ್ಟೋರ್ ರೂಮಿನಷ್ಟು. ಬಾತ್‌ರೂಮಿನ ಬಾಗಿಲಿಗೆ ಒಂದು ಹೊಸ್ತಿಲು, ಗೇಣಿನಷ್ಟು ಎತ್ತರ. ಹಡಗು ಓಲಾಡುವಾಗ ಸ್ನಾನದ ನೀರು ರೂಮಿಗೆ ನುಗ್ಗದಿರಲಿ ಅಂತ ಮಾಡಿರುವುದು. ಬಾಲ್ಕನಿ ಬಾಗಿಲಿಗೂ ಅಂಥದ್ದೇ, ಮಳೆನೀರು ಒಳಗೆ ಬರಬಾರದು ಅಂತ. ಒಳ್ಳೆಯದೇ. ಹಳೇ ಮನೆಯ ಹೊಸ್ತಿಲು ದಾಟಿ ಬೆಳೆದವಳು ನಾನು, ಹೊಸ್ತಿಲು ಮೆಟ್ಟಬಾರದು ಅಂತ ಅಜ್ಜಿ ಹತ್ತಿರ ಬೈಸಿಕೊಂಡವಳು. ಆದರೆ ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ನೆಲವೇ ತೂಗುತ್ತಿರುವಾಗ ಅಜ್ಜಿ ಎಲ್ಲಿ ನೆನಪಾಗುತ್ತಾರೆ? ಟಕ್ ಅಂತ ಸದ್ದು ಬಂತು. ನನ್ನ ಗಂಡ ಎದ್ದು ‘ಏನು ಒಡೆದದ್ದು?’ ಅಂದರು.

ಹಡಗಿನ ಡಾಕ್ಟರು ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿದರು. ಸರಿಹೋಗಲು ಆರು ವಾರ. ಮಲೇಷ್ಯಾದ ಪೆನಾಂಗ್ ಬಂತು, ಎಲ್ಲರೂ ಇಳಿದರು, ನಾನು ಬಾಲ್ಕನಿಯಲ್ಲಿ ಕೂತು ಬಂದರು ನೋಡಿದೆ. ಮುಂದೆ ಮುಚ್ಚಿದ, ಗಟ್ಟಿ ಅಡಿಯ ಒಂದು ಜೊತೆ ಮನೆ ಚಪ್ಪಲಿ ಸೂಟ್‌ಕೇಸಿನಲ್ಲಿ ಹಾಕಿದ್ದರೆ ಮುಗಿದಿತ್ತು. ಬದಲಿಗೆ ಏನು ಹಾಕಿದ್ದೆ? ಎರಡು ಕೆಜಿ ಕೋಡುಬಳೆ.

ಈಗ ರಾತ್ರಿ ಎಲ್ಲಿ ಉಳಿದರೂ ಬಾತ್‌ರೂಮಿನ ಲೈಟು ಹಾಕಿ ಬಾಗಿಲು ಅರ್ಧ ಮುಚ್ಚಿ ಮಲಗುತ್ತೇನೆ. ಟಾರ್ಚ್ ದಿಂಬಿನ ಪಕ್ಕ. ನಮ್ಮ ಜಿಲ್ಲೆಯ ಹೋಂಸ್ಟೇ ಆದರೆ ಅದಂತೂ ಬೇಕೇ ಬೇಕು, ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ದೇವರಿಗೂ ಗೊತ್ತಿಲ್ಲ. ಅದರ ಮೇಲೆ ಈಗ ಎಲ್ಲ ಕಡೆ ಮಂಚದ ಕೆಳಗಿನ ಹಲಗೆ ಹಾಸಿಗೆಗಿಂತ ಮುಂದೆ ಬಂದಿರುತ್ತದೆ, ಮೂಲೆ ಸೀದಾ ಮೊಣಕಾಲಿನ ಕೆಳಗಿನ ಎಲುಬಿಗೆ. ಯಾವ ಪುಣ್ಯಾತ್ಮನ ವಿನ್ಯಾಸವೋ.

ಇನ್ನು ಬಾತ್‌ರೂಮಿನ ನೆಲ. ನಮ್ಮ ಮಳೆಯಲ್ಲಿ ಒಗೆದ ಬಟ್ಟೆ ವಾರ ಆದರೂ ಒಣಗುವುದಿಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಬರುತ್ತದೆ. ಬಾತ್‌ರೂಮಿನ ಕಾಲೊರಸು ಮಾತ್ರ ಒಣಗುತ್ತದಾ? ನೂರಾರು ಜನ ನಿಂತು ಹೋದ ಒದ್ದೆ ನೆಲದಲ್ಲಿ, ಒದ್ದೆ ಮ್ಯಾಟಿನಲ್ಲಿ ಶಿಲೀಂಧ್ರ ಆರಾಮಾಗಿ ಬದುಕುತ್ತದೆ. ಮೊದಲು ಹಿಡಿಯುವುದು ಹೆಚ್ಚಾಗಿ ಕಿರುಬೆರಳಿನ ಸಂದಿ. ತುರಿಕೆ, ಬಿಳಿಚಿಕೊಂಡ ಚರ್ಮ, ಆಮೇಲೆ ಬಿರುಕು. ಗದ್ದೆ ನಾಟಿ ಮಾಡಿದವರಿಗೆ ಕೆಸರುಹುಣ್ಣು ಗೊತ್ತು. ಜೋರು ಮಳೆಯ ಆಟಿ ತಿಂಗಳಲ್ಲಿ ಹೆಂಗಸರು ಬೆರಳ ಸಂದಿಗೆ ಮದರಂಗಿ ಅರೆದು ಹಚ್ಚುತ್ತಿದ್ದರಲ್ಲ, ಸುಮ್ನೆ ಬಣ್ಣಕ್ಕೆ ಅಂದುಕೊಂಡಿದ್ದೀರಾ? ಸಾಧ್ಯವಾದಷ್ಟು ಬೆರಳ ಸಂದಿ ಒರೆಸಿ ಒಣಗಿಸುವುದು, ಬಾತ್‌ರೂಮಿಗೆ ಚಪ್ಪಲಿ ಹಾಕುವುದು, ಇಷ್ಟರಲ್ಲೇ ಅರ್ಧ ಕೆಲಸ ಆಗುತ್ತದೆ. ಬಂದ ಮೇಲೆ ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂತ ಕೇಳಬೇಡಿ. ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಕೊಟ್ಟರೆ ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಎರಡು ಪಟ್ಟು ಹಬ್ಬುತ್ತದೆ. ನನ್ನ ಮನೆಯಲ್ಲೇ ಒಬ್ಬರು ಅನುಭವಸ್ಥರಿದ್ದಾರೆ, ಅವರು ಇದನ್ನು ಓದುತ್ತಾರೆ, ಹೆಸರು ಬೇಡ.

ಈಗ ಬರುತ್ತದೆ ನೋಡಿ ಕಾಮೆಂಟು: ‘ನಮ್ಮ ಅಜ್ಜ ಜೀವಮಾನ ಇಡೀ ಬರಿಗಾಲಲ್ಲೇ ತೋಟ ಸುತ್ತಿದ್ದು, ಏನೂ ಆಗಿಲ್ಲ.’ ನನ್ನ ಅಜ್ಜನೂ ಸುತ್ತಿದ್ದು. ಅವರ ಹಿಮ್ಮಡಿಯ ಬಿರುಕಿನಲ್ಲಿ ಎಂಟಾಣೆ ಸಿಕ್ಕಿಸಬಹುದಿತ್ತು. ಆ ಕಾಲದಲ್ಲಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ರಕ್ತ ಇಲ್ಲದೆ ಬಿಳಿಚಿಕೊಂಡ ಹೆಂಗಸರು, ಹೊಟ್ಟೆ ಮಾತ್ರ ದೊಡ್ಡದಿರುವ ಮಕ್ಕಳು ಎಷ್ಟಿದ್ದರು ನೆನಪು ಮಾಡಿಕೊಳ್ಳಿ. ಕರುಳಿನಲ್ಲಿ ಕೂತು ರಕ್ತ ಹೀರುವ ಕೊಕ್ಕೆಹುಳು ಹೆಚ್ಚಾಗಿ ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ಕೊರೆದೇ ಒಳಗೆ ಹೋಗುವುದು. ಅಜ್ಜನಿಗೆ ಏನೂ ಆಗಿಲ್ಲ ಅಂತ ಅಜ್ಜನನ್ನು ಯಾರು ಕೇಳಿದ್ದು?

ಇನ್ನೊಂದು ವಾದ ಸ್ವಲ್ಪ ಸರಿ ಇದೆ. ಚಪ್ಪಲಿ ಹೊರಗೆ ಬಿಡುವುದು ನಮ್ಮ ಸಂಸ್ಕಾರ, ಐನ್‌ಮನೆಗೆ, ಅಂದರೆ ಕೊಡವರ ಕುಟುಂಬದ ಮೂಲಮನೆಗೆ, ಯಾರಾದರೂ ಚಪ್ಪಲಿ ಹಾಕಿ ಹೋಗುತ್ತಾರಾ ಅಂತ. ಹೋಗಲ್ಲ, ನಾನೂ ಹೋಗಲ್ಲ. ಮುಂದಿನ ಜಗುಲಿ ಕಯ್ಯಾಲೆಯ ಕೆಳಗೇ ಬಿಚ್ಚಿ, ಕಾಲು ತೊಳೆದು ಹತ್ತುತ್ತೇನೆ. ಆದರೆ ಸ್ವಾಮಿ, ದೀಪ ಇಡುವ ಮನೆಯೂ ಒಂದು, ಜಿಎಸ್‌ಟಿ ಹಾಕುವ ರೂಮೂ ಒಂದಾ? ಹೊರಗಿನ ಚಪ್ಪಲಿಯಲ್ಲಿ ಮಣ್ಣು ಬರುತ್ತದೆ, ಜಿಗಣೆ ಬರುತ್ತದೆ, ಒಪ್ಪಿದೆ. ಅದಕ್ಕೇ ಹೇಳಿದ್ದು ಒಳಗೆ ಬೇರೆ ಜೊತೆ ಇಡಿ ಅಂತ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮದೂ ಹೋಂಸ್ಟೇ ತಾನೆ. ಮೂರು ರೂಮು. ಕೆಂಪು ಗಾರೆ ನೆಲ, ಅತ್ತೆ ಕಾಲದ್ದು, ತೆಂಗಿನೆಣ್ಣೆ ಹಾಕಿ ಉಜ್ಜಿ ಕನ್ನಡಿ ಮಾಡಿದ್ದು. ಅದರ ಮೇಲೆ ನನಗೆ ನನ್ನ ಮಕ್ಕಳಿಗಿಂತ ಜಾಸ್ತಿ ಪ್ರೀತಿ. ಹೊರಗೆ ಬೋರ್ಡು: ‘ಚಪ್ಪಲಿ ಹೊರಗೆ ಬಿಡಿ’. ನನ್ನ ಕೈಬರಹವೇ. ಏಳು ವರ್ಷದಿಂದ ಅಲ್ಲೇ ಇದೆ. ಒಂದು ಮಳೆಗಾಲದಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ತಾಯಿ ಆ ನೆಲದಲ್ಲಿ ಜಾರಿ ಕೂತರು. ಪುಣ್ಯಕ್ಕೆ ಏನೂ ಆಗಲಿಲ್ಲ, ನಗಾಡಿಕೊಂಡೇ ಎದ್ದರು. ನಾನು ಆಗ ಏನು ಮಾಡಿದೆ ಗೊತ್ತಾ? ನೆಲಕ್ಕೆ ಗೀರು ಬಿತ್ತಾ ಅಂತ ನೋಡಿದೆ. ಭಾನುವಾರ ರಾತ್ರಿ ಚಿಕ್ಕಪ್ಪನ ಕಾಲಿಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದು ಕಾರಿನಿಂದ ಇಳಿದಾಗ ಟಾರ್ಚ್ ಬೆಳಕು ಮೊದಲು ಬಿದ್ದದ್ದು ಆ ಬೋರ್ಡಿನ ಮೇಲೆ. ಆ ರೆಸಾರ್ಟಿನ ಹುಡುಗನಿಗೆ ಬೈದದ್ದೆಲ್ಲ ಗಂಟಲಲ್ಲೇ ಸಿಕ್ಕಿಕೊಂಡಿತು.

ನಿನ್ನೆ ಮಡಿಕೇರಿ ಪೇಟೆಗೆ ಹೋಗಿ ಹನ್ನೆರಡು ಜೊತೆ ರಬ್ಬರ್ ಚಪ್ಪಲಿ ತಂದೆ. ಒಂದು ಜೊತೆಗೆ 140 ರೂಪಾಯಿ, ಚೌಕಾಸಿ ಮಾಡಿ 125. ಬಾತ್‌ರೂಮಿಗೆ ನೀಲಿ, ರೂಮಿಗೆ ಕಂದು. ಒಬ್ಬರು ಹೋದ ಮೇಲೆ ಸೋಪು ಹಾಕಿ ಉಜ್ಜಿ ಒಲೆ ಹತ್ತಿರ ಒಣಗಿಸುವುದು, ಆ ಕೆಲಸ ಗಂಡನಿಗೆ. ಬಾತ್‌ರೂಮಿನ ಆಚೆ ಕಾಲೊರಸಿಗೆ ಕಾಫಿ ಗೋಣಿಚೀಲ, ಮೂರು ರೂಮಿಗೆ ಒಂಬತ್ತು, ದಿನಾ ಬದಲಿಸಲು. ಬೋರ್ಡು ತೆಗೆಯಲು ಮನಸ್ಸು ಬರಲಿಲ್ಲ, ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ‘ಒಳಗೆ ಬೇರೆ ಚಪ್ಪಲಿ ಇದೆ, ಹಾಕಿಕೊಳ್ಳಿ’.

‘ಗೆಸ್ಟ್ ಕದ್ದುಕೊಂಡು ಹೋಗ್ತಾರೆ’ ಅಂತ ಗಂಡನ ರಾಗ ಶುರುವಾಗಿದೆ. ಹೋಗಲಿ. ಬಿಲ್ಲಿಗೆ ಸೇರಿಸಲ್ಲ.

ಚಿಕ್ಕಪ್ಪ ಬೆಳಿಗ್ಗೆ ಫೋನ್ ಮಾಡಿದ್ದರು. ಗಾಯ ಒಣಗುತ್ತಾ ಇದೆಯಂತೆ. ಚಿಕ್ಕಮ್ಮ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡುತ್ತಾರಂತೆ, ಮುಟ್ಟಿದರೆ ಚಿಕ್ಕಪ್ಪನಿಗೆ ಕಚಗುಳಿ ಆಗಬೇಕಿತ್ತು, ಆಗುವುದಿಲ್ಲವಂತೆ. ಆಮೇಲೆ ಸ್ವಲ್ಪ ತಡೆದು ಕೇಳಿದರು, ‘ಒಂಬತ್ತನೇ ನಂಬರ್ ಇದೆಯಾ ನಿನ್ನ ಹತ್ತಿರ? ಕಂದು ಬೇಡ, ನೀಲಿ.’

ಸಂಜೆ ಕೊಟ್ಟು ಬರಬೇಕು.