ಅರಳು ಮರಳು ಎಂದುಕೊಂಡು ಕಳೆದ ಎರಡು ವರ್ಷ

ನಮ್ಮ ಅತ್ತೆಯವರು ಒಂದೇ ಪಾತ್ರೆಯ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ, ತೀರಿಕೊಂಡು ಹತ್ತು ವರ್ಷವಾದ ಅಣ್ಣನಿಗೆ ಊಟ ತೆಗೆದಿಡಬೇಕೆಂದು ಹಟ ಹಿಡಿದಾಗ, ನಾವು ಮನೆಯವರೆಲ್ಲ ‘ಅರವತ್ತಕ್ಕೆ ಅರಳು ಮರಳು’ ಎಂದುಕೊಂಡು ಎರಡು ವರ್ಷ ಕಳೆದೆವು. ಅದು ನಮ್ಮ ದೊಡ್ಡ ತಪ್ಪು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಎಂದೋ ಬಿದ್ದ ಪೆಟ್ಟಿನಿಂದ ತಲೆಯೊಳಗೆ ಕಟ್ಟಿದ ರಕ್ತ, ಇವುಗಳಿಂದಲೂ ಇಂಥದೇ ಮರೆವು ಬರುತ್ತದೆ ಮತ್ತು ಇವುಗಳಿಗೆ ಚಿಕಿತ್ಸೆಯಿದೆ.

ಅತ್ತೆಯವರಿಗೆ ಇದ್ದದ್ದು ಆಲ್ಜೈಮರ್, ಮಿದುಳನ್ನು ನಿಧಾನವಾಗಿ ಕುಂದಿಸುವ ಕಾಯಿಲೆ. ವೈದ್ಯರು ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ಆ ಮಾತ್ರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕೆಲವರಲ್ಲಿ ಸ್ವಲ್ಪ ಕಾಲ ಲಕ್ಷಣಗಳನ್ನು ಹಗುರಗೊಳಿಸುತ್ತದೆ ಅಷ್ಟೇ ಎಂಬುದು ನಮಗೆ ಆಮೇಲೆ ತಿಳಿಯಿತು. ಹೊತ್ತು ಮುಳುಗುತ್ತಿದ್ದಂತೆ ‘ನಮ್ಮನೆಗೆ ಹೋಗ್ಬೇಕು’ ಎಂದು ಬಾಗಿಲ ಚಿಲಕ ಎಳೆಯುವವರಿಗೆ ಏನು ಹೇಳಬೇಕು, ಸ್ನಾನ ಒಲ್ಲೆ ಎಂದು ಕೈ ಎತ್ತಿದರೆ ಏನು ಮಾಡಬೇಕು ಎಂಬುದನ್ನು ತಿಳಿಸುವ ಕನ್ನಡದ ಒಂದು ಹಾಳೆಯೂ ಅಂದು ನಮ್ಮ ಕೈಗೆ ಸಿಗಲಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಆಲ್ಜೈಮರ್‌ನಂಥ ಕಾಯಿಲೆಗಳಿಂದ ಬರುವ ಮರೆವು ಮತ್ತು ಬುದ್ಧಿಯ ಕುಸಿತ, ಇದೆ. ಹಾಗಿರುವಾಗ ಕಾಯಿಲೆಯ ಹೆಸರು ಹೇಳುವ ದಿನವೇ ಆ ಹಾಳೆಯನ್ನೂ ಮನೆಯವರಿಗೆ ಕೊಡಬೇಕು, ಅದನ್ನು ಕುಳಿತು ವಿವರಿಸುವವರೊಬ್ಬರು ಪ್ರತಿ ಆಸ್ಪತ್ರೆಯಲ್ಲೂ ಇರಬೇಕು ಎಂದು ನಾನು ಕೇಳುವುದು ಅತಿಯಾಸೆಯಲ್ಲ.

ಹುಡುಕಿದರೆ ನೆರವು ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567; ಹಗಲು ರಾತ್ರಿ ಮಾತಿಗೆ ಸಿಗುವ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡನೆಯದು ಆರೈಕೆ ಮಾಡುವವರ ದಣಿವಿಗೂ ಹೌದೆಂದು ದಯವಿಟ್ಟು ನೆನಪಿಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ, ಹಿರಿಯರ ಆರೈಕೆಯ ಸಂಸ್ಥೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ. ದೂರದ ಊರಿನವರು ಮಿದುಳಿನ ಆರೋಗ್ಯಕ್ಕಾಗಿ ಇರುವ ಸರ್ಕಾರಿ ಯೋಜನೆ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಡಿಯ ಸೇವೆ ತಮ್ಮಲ್ಲಿ ಇದೆಯೇ ಎಂದು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು. ಇನ್ನೊಂದು ಮಾತು: ಬ್ಯಾಂಕು, ಪಿಂಚಣಿ, ಆಸ್ತಿಯ ಕೆಲಸಗಳನ್ನು ಕಾಯಿಲೆಯಾದವರಿಗೆ ತಿಳಿವಳಿಕೆ ಇರುವಾಗಲೇ, ಅವರ ಇಚ್ಛೆ ಕೇಳಿಯೇ ಮುಗಿಸಿ. ಜಿಪಿಎ (ಅವರ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರ ಪತ್ರ) ಇದೆಯಲ್ಲ ಎಂದು ನಂಬಿ ಕೂರಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಆ ಅಧಿಕಾರವೂ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ.

ಬಾಗಿಲ ಬಳಿಯ ಪ್ರಶ್ನೆಗೆ ಉತ್ತರ ಕೊಟ್ಟವರು ಆಪ್ತ ಸಮಾಲೋಚಕಿಯೊಬ್ಬರು. ‘ಇದೇ ನಿಮ್ಮ ಮನೆ’ ಎಂದು ವಾದಿಸಬೇಡಿ, ಅವರಿಗೆ ಬೇಕಾದ್ದು ವಿಳಾಸವಲ್ಲ, ಧೈರ್ಯ ಎಂದರು. ಅಂದಿನಿಂದ ನಾನು ‘ಕಾಫಿ ಕುಡಿದು ಹೊರಡೋಣ ಅತ್ತೆ, ನಿಮ್ಮ ಮನೆ ಹಿತ್ತಲಲ್ಲಿ ಏನೇನು ಗಿಡ ಇತ್ತು?’ ಎನ್ನುತ್ತೇನೆ. ಅವರು ಚಿಲಕ ಬಿಟ್ಟು ಕುಳಿತು, ತವರಿನ ಸಂಪಿಗೆ ಮರದ ಮಾತು ತೆಗೆಯುತ್ತಾರೆ. ತಿಂಗಳಿಗೆ ಎರಡು ಶನಿವಾರ ನಾದಿನಿ ಬಂದು ಅವರ ಪಕ್ಕ ಮಲಗುತ್ತಾಳೆ. ಆ ಎರಡು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡುತ್ತೇನೆ.