ಮುದಿ ಗರಗಸದ ಮೇಲೊಂದು ಆಪಾದನೆ

ನಮ್ಮ ಶೆಡ್ಡಿನಲ್ಲಿರುವ ಟೇಬಲ್ ಸಾ ಮೆಷಿನ್ನಿಗೆ ನನ್ನ ಮದುವೆಗಿಂತ ಹೆಚ್ಚು ವಯಸ್ಸು. ಸ್ವಿಚ್ ಹಾಕಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ತಿರುಗುತ್ತದೆ. ಆಯುಧಪೂಜೆಗೆ ಕುಂಕುಮವಿಟ್ಟು, ಹೂ ಮುಡಿಸಿ, ಕಾಯಿ ಒಡೆದು ಮರ್ಯಾದೆ ಮಾಡಿದ್ದೆ. ವಾರ ತುಂಬುವುದರೊಳಗೆ ಓರೆ ಕೊಯ್ಯಲು ಶುರುಮಾಡಿತು.

ಹೊಸದಾಗಿ ಮಾಡಿದ ಪುಸ್ತಕದ ಕಪಾಟು ಗೋಡೆಗೆ ಒರಗಿಸದೆ ನಿಲ್ಲಲೊಲ್ಲದು. "ರೀ, ಇದಕ್ಕೂ ಸೊಂಟನೋವಾ?" ಎಂದಳು ಹೆಂಡತಿ. ಬರೀ ಅರ್ಧ ಡಿಗ್ರಿ ತಪ್ಪಿದರೂ ಎರಡಡಿಗೆ 5 ಮಿಲಿಮೀಟರ್ ಆಚೆ ಹೋಗುತ್ತದೆಂದು ಲೆಕ್ಕ ಬಿಡಿಸಿ ಹೇಳಿದೆ. "ಹಾಗಾದ್ರೆ ತಪ್ಪಿಸ್ಬೇಡಿ" ಎಂದು ಒಳಗೆ ಹೋದಳು.

ವಿಚಿತ್ರವೆಂದರೆ, ಕೊಯ್ದ ತುದಿಗೆ ಮೂಲೆಮಟ್ಟ (ಮೂಲೆ 90 ಡಿಗ್ರಿ ಇದೆಯೇ ಎಂದು ನೋಡುವ L ಆಕಾರದ ಪಟ್ಟಿ) ಹಿಡಿದರೆ ಕೂದಲೆಳೆಯಷ್ಟೂ ಬೆಳಕು ನುಸುಳುವುದಿಲ್ಲ. ಹಾಗಾಗಿ ಬ್ಲೇಡೇ ಸೊಟ್ಟಗಿರಬೇಕೆಂದು 10 ಇಂಚಿನ ಹೊಸದು ತಂದೆ. ಬೆಲ್ಟ್ ಬದಲಾಯಿಸಿದೆ. ಬೇರಿಂಗ್ ಸವೆದಿದೆ ಅಂತ ಬೈದೆ. ಮರವನ್ನು ಆನಿಸಿ ತಳ್ಳುವ ಅಡ್ಡಪಟ್ಟಿ, ಅಂದರೆ ಫೆನ್ಸನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಕಡೆಗೆ ಮರವೇ ಸರಿಯಿಲ್ಲ ಎಂದೆ. ಮರ ಪಾಪ, ಏನೂ ಅನ್ನಲಿಲ್ಲ.

ಭಾನುವಾರ ಆಚಾರ್ರು ಬಂದರು. ಮೊದಲು ಪ್ಲಗ್ ಕಿತ್ತರು. ಅಷ್ಟು ದಿನ ನನಗೆ ಅದು ಹೊಳೆದೇ ಇರಲಿಲ್ಲ. ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಮಾಡಿ, ಮೇಜಿನಲ್ಲಿ ಬ್ಲೇಡಿನ ಪಕ್ಕ ಕೊರೆದಿರುವ ಉದ್ದನೆಯ ಕಾಲುವೆಯಿಂದ ಅದಕ್ಕೆಷ್ಟು ದೂರವೆಂದು ಮುಂದೆ ಅಳೆದರು. ಕೈಯಲ್ಲೇ ತಿರುಗಿಸಿ ಅದೇ ಹಲ್ಲನ್ನು ಹಿಂದೆ ತಂದು ಮತ್ತೆ ಅಳೆದರು. ಎರಡೂ ಒಂದೇ. "ಅಜ್ಜ ನೆಟ್ಟಗೇ ಇದಾನೆ" ಎಂದರು.

ಆಮೇಲೆ ಒಂದು ಪಟ್ಟಿ ಕೊಯ್ಯಿಸಿ, ಅರ್ಧವನ್ನು ಮಗುಚಿ, ಎರಡೂ ತುದಿ ಸೇರಿಸಿ ನೇರ ಅಂಚಿಗೆ ಒತ್ತಿದರು. ಹೀಗಿಟ್ಟಾಗ ತಪ್ಪು ಎರಡರಷ್ಟಾಗಿ ಕಾಣುತ್ತದಂತೆ. ಕಂಡಿತು. ಊದಿನಕಡ್ಡಿ ಸಿಗಿಸುವಷ್ಟು ಸಂದು!

"ಏನಿಟ್ಕೊಂಡು ಸೆಟ್ ಮಾಡಿದ್ರಿ ಸಾರ್?"

ಹೆಮ್ಮೆಯಿಂದ ಮೂಲೆಮಟ್ಟ ಕೊಟ್ಟೆ. ಪ್ಲೈವುಡ್ಡಿನ ಅಂಚಿಗೆ ಆನಿಸಿ ಗೆರೆ ಎಳೆದರು. ಮಗುಚಿ, ಅದೇ ಬುಡದಿಂದ ಇನ್ನೊಂದು ಎಳೆದರು. ಗೆರೆಗಳೆರಡೂ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಮೇಲೇರುತ್ತ ದೂರವಾದವು.

"ಎಲ್ಲಿ ಬೀಳಿಸಿದ್ರಿ ಇದನ್ನ?"

"ಬೀಳಿಸೇ ಇಲ್ಲ" ಎಂದೆ. ಅದು ಸತ್ಯವೇ.

ಪೂಜೆಯ ದಿನ ಮಚ್ಚು ಸಿಗದೆ ನಾನು ಕಾಯಿ ಒಡೆದದ್ದು ಯಾವುದರಲ್ಲಿ ಎಂಬುದನ್ನು ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಹೇಳಿದಳು.