ಮಾವನವರ ಗಸ್ತು ಮತ್ತು ನನ್ನ ಬ್ಯಾಕಪ್ಪು

ನಮ್ಮ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಉರಿಯುವ ಹಕ್ಕಿರುವುದು ಎರಡಕ್ಕೇ. ದೇವರ ಮನೆಯ ಸಣ್ಣ ಬಲ್ಬು, ಮತ್ತೆ ಫ್ರಿಜ್ಜು. ಇದು ಮಾವನವರ ಕಾನೂನು. ಇಂಥ ಮನೆಯಲ್ಲಿ ರಾತ್ರಿಯಿಡೀ ವೈಫೈ ಮೇಲೆ ಬ್ಯಾಕಪ್, ಅಂದರೆ ಲ್ಯಾಪ್‌ಟಾಪಿನ ಫೋಟೋ, ವಿಡಿಯೋಗಳಿಗೆ ಇನ್ನೊಂದು ನಕಲು, ಮಾಡಿಸುತ್ತೇನೆ ಅಂತ ಹೊರಟವರು ನಮ್ಮ ಯಜಮಾನರು. ನಿನ್ನೆ ಅದು ಮತ್ತೆ ನಿಂತಿತು. ಅದೂ ಶೇಕಡಾ 82ಕ್ಕೆ ಬಂದು. ಸಿಟ್ಟು ಬರಲ್ವಾ?

ಹಾಲ್‌ನಲ್ಲಿ ವೈಫೈ ಹರಡುವ ರೂಟರ್ ಬೆನ್ನಲ್ಲಿ ಒಂದು ಯುಎಸ್‌ಬಿ ಕಿಂಡಿ ಇದೆ ಅಂತ ಇವರು ಎಲ್ಲೋ ಓದಿದರು. ಅಟ್ಟದ ಮೇಲಿದ್ದ ಹಾರ್ಡ್ ಡಿಸ್ಕ್ ಕೆಳಗಿಳಿಯಿತು. "ಇದನ್ನ ಅಲ್ಲಿ ಸಿಕ್ಕಿಸಿದರೆ ಆಯ್ತು. ವೈರೇ ಬೇಡ. ಲ್ಯಾಪ್‌ಟಾಪ್ ಬೆಡ್‌ರೂಮಲ್ಲೇ ಇರಲಿ, ಫೋಟೋ ಎಲ್ಲ ತಾವಾಗೇ ಹೋಗಿ ಕೂರುತ್ತವೆ" ಅಂದರು. ವೈರೇ ಬೇಡದ ಆ ಡಿಸ್ಕಿಗೆ ವೈರು ಎರಡು. ಒಂದು ರೂಟರಿಗೆ, ಇನ್ನೊಂದು ಕರೆಂಟಿಗೆ. ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ಮರುದಿನ ಯಾರೂ ಏಪ್ರಿಲ್ ಫೂಲ್ ಆಗದಿರಲಿ ಅಂತ ಆ ತಾರೀಖು. ನಾನು ಫೂಲ್ ಆಗಿದ್ದು ಬ್ಯಾಕಪ್ ಶುರುವಾದ ಮೇಲೆ.

ಮೈಸೂರಿನ ಹಳೇ ಮನೆ ನಮ್ಮದು. ದಪ್ಪ ದಪ್ಪ ಗೋಡೆಗಳು. 5 ಗಿಗಾಹರ್ಟ್ಸ್ ವೈಫೈ ಜೋರಾಗಿ ಓಡುತ್ತದೆ, ಗೋಡೆ ಎದುರಾದರೆ ಸುಸ್ತು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ನಿಧಾನ. ಜೊತೆಗೆ ಮೈಕ್ರೋವೇವ್ ಓವನ್ ಕೂಡ ಅದೇ ಆಸುಪಾಸಿನ ತರಂಗದ್ದು. ನಾನು ಅಡುಗೆಮನೆಯಲ್ಲಿ ಅನ್ನ ಬಿಸಿ ಮಾಡಿದರೆ ಫೋಟೋಗಳು ದಾರಿಯಲ್ಲಿ ತಡವರಿಸುತ್ತವೆ. ಕೊನೆಗೆ ಸಿಕ್ಕಿದ್ದು ಸೆಕೆಂಡಿಗೆ 4 ಎಂಬಿ. ಕಳಿಸಬೇಕಾದದ್ದು 300 ಜಿಬಿ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 21 ಗಂಟೆ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ "ದೊಡ್ಡ ಪ್ಲಾನ್ ತಗೊಳ್ಳಿ ಮೇಡಂ" ಅಂದ. ಅಲ್ಲಪ್ಪಾ, ಬೆಡ್‌ರೂಮಿನಿಂದ ಹಾಲ್‌ಗೆ ಹೋಗೋ ಫೋಟೋ ನಿಮ್ಮ ಇಂಟರ್ನೆಟ್ಟನ್ನ ಮುಟ್ಟೋದೇ ಇಲ್ಲವಲ್ಲ! ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಲೈನ್ ಕಟ್.

21 ಗಂಟೆ ಅಂದರೆ ಮಧ್ಯೆ ರಾತ್ರಿ ಬರಲೇಬೇಕು. ರಾತ್ರಿ ಅಂದರೆ ಮಾವ.

ಹತ್ತಕ್ಕೆ ಸರಿಯಾಗಿ ಅವರ ಗಸ್ತು ಶುರು. ಮೊದಲು ಗ್ಯಾಸ್. ಆಮೇಲೆ ಹಿತ್ತಲ ಬಾಗಿಲ ಚಿಲಕ. ಹಾಕಿ, ಎಳೆದು ನೋಡಿ, ನಂಬಿಕೆ ಬರದೆ ಇನ್ನೊಂದು ಸಲ ಎಳೆದು. ಬಚ್ಚಲ ನಲ್ಲಿ. ಗೀಸರ್. ಕೊನೆಗೆ ಹಾಲ್. ಟಕ್, ಟಕ್, ಟಕ್. ಮಲಗಿದಲ್ಲೇ ನನ್ನ ಎದೆ ಧಸಕ್ಕನ್ನುತ್ತದೆ. ಬೆಳಿಗ್ಗೆ ಕೇಳಿದರೆ, "ಅದೇನೋ ಮಿಣಕ್ ಮಿಣಕ್ ಅಂತಿತ್ತಮ್ಮ. ಯಾರೂ ನೋಡ್ತಾ ಇರಲಿಲ್ಲ, ಆರಿಸಿದೆ."

ಕೆಂಪು ಸ್ಕೆಚ್ ಪೆನ್ನಲ್ಲಿ ‘ದಯವಿಟ್ಟು ಆರಿಸಬೇಡಿ’ ಅಂತ ಬರೆದು ರೂಟರ್ ಸ್ವಿಚ್ಚಿನ ಮೇಲೆ ಅಂಟಿಸಿದೆ. ಮಾವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ಆಯ್ತು ಬಿಡಮ್ಮ" ಅಂದರು. ಮಾತಿಗೆ ತಪ್ಪುವವರಲ್ಲ. ಬೆಳಿಗ್ಗೆ ರೂಟರ್ ಉರಿಯುತ್ತಿತ್ತು. ಡಿಸ್ಕ್ ಆರಿತ್ತು. "ಆ ಸ್ವಿಚ್ಚಿಗೆ ಚೀಟಿ ಇರಲಿಲ್ಲವಲ್ಲ!" ಅದಕ್ಕೂ ಅಂಟಿಸಿದೆ. ಅವತ್ತು ರಾತ್ರಿ ಎರಡನ್ನೂ ಮುಟ್ಟದೆ, ಆ ಎಕ್ಸ್‌ಟೆನ್ಷನ್ ಬೋರ್ಡಿಗೆ ಕರೆಂಟು ಬರುವ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಅದು ಟಿವಿಯದು ಅಂದ್ಕೊಂಡರಂತೆ. ಈಗ ನಮ್ಮ ಹಾಲ್ ಗೋಡೆಯಲ್ಲಿ ಪಂಚಾಯಿತಿ ಆಫೀಸಿಗಿಂತ ಜಾಸ್ತಿ ನೋಟಿಸುಗಳಿವೆ.

ಕೊನೆಗೆ ಮೊನ್ನೆ ಅವರನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಇಷ್ಟೆಲ್ಲ ಒದ್ದಾಟ ಯಾತಕ್ಕೆ ಅಂತ ಗೊತ್ತಾಗಲಿ ಅಂತ. ಸುಮ್ನೆ ಕೈಗೆ ಸಿಕ್ಕಿದ ಒಂದು ವಿಡಿಯೋ ತೆರೆದೆ. ಟೆರೇಸಿನ ಮೇಲೆ ಅತ್ತೆ ಹಪ್ಪಳ ಒಣಹಾಕುತ್ತಿದ್ದಾರೆ. ತಲೆ ಎತ್ತದೇ, "ರೀ, ಮೆಟ್ಟಿಲ ಲೈಟು ಹಗಲೂ ಉರೀತಿದೆ. ಆರಿಸಬಾರದಾ?" ಅಂತ ಕೂಗುತ್ತಾರೆ. ಅವರು ಹೋದಮೇಲೆ ಆ ದನಿ ಮನೆಯಲ್ಲಿ ಕೇಳಿರಲಿಲ್ಲ. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇನ್ನೊಂದ್ಸಲ ಹಾಕು" ಅಂದರು.

ನಿನ್ನೆ ಗಸ್ತು ಹಾಲ್ ಕಡೆ ಬರಲೇ ಇಲ್ಲ. ಒಂದು ಟಕ್ ಕೂಡ ಇಲ್ಲ. ಬೆಳಗಿನ ಜಾವಕ್ಕೇ ಶುರು ಮಾಡಿದ್ದ ಬ್ಯಾಕಪ್ಪಿಗೆ ಇನ್ನು ಮೂರ್ನಾಲ್ಕು ಗಂಟೆ ಸಾಕಿತ್ತು. ಆದರೆ ನಮ್ಮ ಯಜಮಾನರು, ಈ ಯೋಜನೆಯ ಕರ್ತೃ, ಮಲಗುವ ಮುಂಚೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದಾರೆ. ಸ್ಕ್ರೀನ್ ಬೆಳಕು ಕಣ್ಣಿಗೆ ಹೊಡೀತಿತ್ತಂತೆ. ಮುಚ್ಚಿದ ಕೂಡಲೇ ಅದೂ ಇವರ ಜೊತೆಗೇ ನಿದ್ದೆ ಹೋಗಿದೆ. ಯಾರ ಮಗ ಹೇಳಿ! ಬೆಳಿಗ್ಗೆ ನನ್ನ ಮುಖ ನೋಡಿದ್ದೇ ತಡ, ಮಾವ "ನಾನಂತೂ ಮುಟ್ಟಿಲ್ಲಮ್ಮ" ಅಂದರು.

ಡಿಸ್ಕನ್ನು ಕಿತ್ತು ತಂದು ಊಟದ ಟೇಬಲ್ ಮೇಲೆ ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿದೆ. ಅವರೆಕಾಯಿ ಸುಲಿದು ಕಾಳು ಹಿತುಕಿ ಮುಗಿಸುವ ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು. ಮಾವ ಆ ಗೇಣುದ್ದದ ವೈರನ್ನು ಬಗ್ಗಿ ನೋಡಿದರು.

"ಇದು ಮೊದಲಿನಿಂದಲೂ ಇತ್ತಾ?"

"ಡಿಸ್ಕಿನ ಜೊತೆಗೇ ಬಂದಿದ್ದು ಮಾವ."

"ಮತ್ತೆ?"

"ನಿಮ್ಮ ಮಗನನ್ನ ಕೇಳಿ."

ಮಗ ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ಹೊಸ ರೂಟರ್ ನೋಡುತ್ತಿದ್ದರು. ಅದಕ್ಕೆ ಆರು ಆಂಟೆನಾ ಇದೆಯಂತೆ.